ಕೀಲೆಣ್ಣೆ ಗೊಟ್ಟದಿಂದ ಬಾಲ್ ಜಾಯಿಂಟಿನವರೆಗೆ

ನಮ್ಮ ಕನ್ನಡದಲ್ಲಿ ‘ಕೀಲು’ ಅನ್ನೋ ಮಾತು ಎಷ್ಟು ಕಡೆ ಓಡಾಡತ್ತೆ ನೋಡಿ. ಮಂಡಿ ನೋವು ಅಂತ ಡಾಕ್ಟರ ಹತ್ರ ಹೋದ್ರೆ ಕೀಲು ಸವೆದಿದೆ ಅಂತಾರೆ. ಬಾಗಿಲು ಕಿರ್ ಅಂದ್ರೆ ಕೀಲಿಗೆ ಎರಡು ತೊಟ್ಟು ಎಣ್ಣೆ ಬಿಡಿ ಅಂತೀವಿ. ಎತ್ತಿನ ಗಾಡೀಗೂ ಕೀಲು, ಈಗಿನ ದೊಡ್ಡ ಜೀಪುಗಳಿಗೂ ಕೀಲು. ಎರಡು ಗಟ್ಟಿ ವಸ್ತು ಒಂದನ್ನೊಂದು ಹಿಡ್ಕೊಂಡೇ ಅಲ್ಲಾಡಬೇಕಾದ ಜಾಗ ಎಲ್ಲಿದ್ಯೋ ಅಲ್ಲೆಲ್ಲ ಕೀಲು ಇರತ್ತೆ, ಇದ್ದಲ್ಲೆಲ್ಲ ಒಂದಿನ ಸವೆಯತ್ತೆ.

ಗಾಡಿ ಅಡಿಯ ವಿಷಯ ಗಂಡಸರದ್ದು, ನಮಗ್ಯಾಕೆ ಅಂತ ಚಿಕ್ಕಮ್ಮ ಆಗ್ಲೇ ಮೂಗು ಮುರೀತಿರ್ತಾರೆ. ಸ್ವಲ್ಪ ತಡೀರಿ ಚಿಕ್ಕಮ್ಮ. ಗಾಡಿ ಕೀಲಿಗೆ ಹಾಕೋ ಎಣ್ಣೆ ಹುಟ್ಟಿದ್ದು ನಮ್ಮ ಹೆಂಗಸರ ಒಲೆ ಮೇಲೆ. ಕೀಲು ಕಳಚಿದ ದಿನ ಹಿಂದಿನ ಸೀಟಲ್ಲಿ ಮಕ್ಕಳನ್ನ ಮಡಿಲಲ್ಲಿ ಕೂರಿಸ್ಕೊಂಡು ಇರೋರೂ ನಾವೇ. ಅದಕ್ಕೆ ಈ ಸಲ ಕೀಲಿನ ಕಥೆ ಬರೀತಿದೀನಿ.

ಹರಳೆಣ್ಣೆಯ ಕಾಲ

ಎತ್ತಿನ ಗಾಡೀಲಿ ಮುಖ್ಯವಾದ ಕೀಲು ಅಂದ್ರೆ ಗಾಲಿಯ ನಡುವೆ ಇರೋದು. ಗಾಲಿ ಮಧ್ಯದ ಗುಂಬ, ಅದರೊಳಗೆ ತೂರಿಸಿದ ಇರಸು. ಗಾಲಿ ಆಚೆ ಜಾರಿ ಹೋಗ್ದಿರ್ಲಿ ಅಂತ ಇರಸಿನ ತುದೀಲಿ ಒಂದು ಕಬ್ಬಿಣದ ಮೊಳೆ, ಅದೇ ಕಡಾಣಿ. ಬೆರಳುದ್ದದ ಆ ಮೊಳೆ ಬಿದ್ದುಹೋದ್ರೆ ಮೂಟೆಗಟ್ಟಲೆ ಭತ್ತ ಹೇರಿದ ಗಾಡಿ ದಾರೀಲೇ ಒರಗ್ತಿತ್ತು.

ಇರಸು ಗುಂಬದೊಳಗೆ ಉಜ್ಜಿ ಉಜ್ಜಿ ಸವೀತಿತ್ತು. ಸವೆದಷ್ಟೂ ಗಾಲಿ ಓಲಾಡೋದು, ಓಲಾಡಿದಷ್ಟೂ ಇನ್ನೂ ಬೇಗ ಸವೆಯೋದು. ಅದಕ್ಕೆ ಮದ್ದು ಕೀಲೆಣ್ಣೆ. ನಮ್ಮಜ್ಜಿ ಹೇಳೋವ್ರು: “ಹರಳು ಹುರುದು, ಒಳ್ಳಲ್ಲಿ ಕುಟ್ಟಿ, ನೀರಾಕಿ ಕುದುಸ್ತಿದ್ದೊ ಕಣವ್ವ. ಮೇಲ್ ತೇಲ್ದ ಎಣ್ಣೆ ಬಾಣಂತಿಗೆ, ಮಗೀನ ನೆತ್ತಿಗೆ, ದೀಪಕ್ಕೆ. ತಳದ ಕರೇ ಎಣ್ಣೆ ಗಾಡಿಗೆ.” ಆ ಕರಿ ಎಣ್ಣೆಗೆ ಹುಲ್ಲು ಸುಟ್ಟ ಕರಕು ಕಲಸಿ ಮಂದ ಮಾಡಿದ್ರೆ ಕೀಲೆಣ್ಣೆ ಆಯ್ತು. ಬಿದಿರಿನ ಗೊಟ್ಟಕ್ಕೆ ತುಂಬಿ ಗಾಡಿ ಅಡೀಗೆ ನೇತುಹಾಕೋರು. ಬರೀ ಎಣ್ಣೆ ಹಾಕಿದ್ರೆ ಹರಿದು ಹೋಗತ್ತೆ, ಕರಕು ಸೇರಿದ್ರೆ ಅಂಟ್ಕೊಂಡು ನಿಲ್ಲತ್ತೆ. ಈಗ ಡಬ್ಬೀಲಿ ಬರೋ ಗ್ರೀಸಿನ ಉಪಾಯವೂ ಇದೇ: ಎಣ್ಣೇನ ಜಾಗದಲ್ಲಿ ಹಿಡಿದಿಡೋಕೆ ಇನ್ನೊಂದೇನನ್ನೋ ಬೆರೆಸೋದು.

ಸವೆದದ್ದನ್ನ ಬಿಸಾಕೋ ಪದ್ಧತಿ ಆಗ ಇರ್ಲಿಲ್ಲ. ಬೇಸಿಗೇಲಿ ಮರ ಒಣಗಿ ಕುಗ್ಗಿ ಗಾಲಿಯ ಕಬ್ಬಿಣದ ಪಟ್ಟಿ ಸಡಿಲ ಆದ್ರೆ ಗಾಲೀನ ಕೆರೇಲಿ ನೆನೆಹಾಕೋರು, ಮರ ಉಬ್ಬಿ ಪಟ್ಟಿ ಬಿಗಿಯಾಗೋದು. ಅದೂ ಆಗ್ದಿದ್ರೆ ಆಚಾರಿ ಪಟ್ಟಿ ಬಿಚ್ಚಿ, ಕಿರಿದು ಮಾಡಿ, ಕೆಂಪಗೆ ಕಾಯಿಸಿ ಮತ್ತೆ ಕೂರಿಸೋರು. ಬಿಚ್ಚು, ನೋಡು, ಸವೆದದ್ದಷ್ಟೇ ತೆಗಿ, ಉಳಿದದ್ದನ್ನ ಮತ್ತೆ ಕಟ್ಟು. ಮುಂದೆ ಬರೋ ಕಥೆಗೆಲ್ಲ ಇದೇ ತಳಪಾಯ.

ಪಕ್ಕದ ಶ್ರೀರಂಗಪಟ್ಟಣದಲ್ಲಿ

ರಸ್ತೆ ಇಲ್ಲದ ಕಡೆ ಭಾರ ಎಳೆಯೋ ಗಾಡಿ ಅಂದ್ರೆ ಈಗ ಜೀಪು ನೆನಪಾಗತ್ತೆ. ಇನ್ನೂರೈವತ್ತು ವರ್ಷದ ಹಿಂದೆ ಆ ಕೆಲಸ ಫಿರಂಗಿ ಗಾಡೀದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಅಂತಿದ್ದ ಅರಮನೆ ದನಗಳ ಇಲಾಖೆಗೆ ಟಿಪ್ಪು ಸುಲ್ತಾನ್ ‘ಅಮೃತ ಮಹಲ್’ ಅಂತ ಹೆಸರಿಟ್ಟ. ಹೈದರ್ ಮತ್ತೆ ಟಿಪ್ಪು ಸೈನ್ಯದ ಫಿರಂಗಿಗಳನ್ನ ಅಷ್ಟು ಬೇಗ ಎಳೀತಿದ್ದದ್ದು ಆ ಎತ್ತುಗಳೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರು ಎತ್ತುಗಳನ್ನೂ ಇಟ್ಕೊಂಡ್ರು, ಅದೇ ಊರಲ್ಲಿ ಫಿರಂಗಿ ಗಾಡಿ ಕಟ್ಟೋ ಕಾರ್ಖಾನೇನೂ ನಡೆಸಿದ್ರು. 19ನೇ ಶತಮಾನದ ಮೊದಲ ದಶಕಗಳಲ್ಲಿ ಅದರ ಉಸ್ತುವಾರಿ ಸ್ಕಾಟ್ ಅನ್ನೋ ಅಧಿಕಾರೀದು. ಹೊಳೆ ದಂಡೇಲಿ ಇರೋ ‘ಸ್ಕಾಟ್ಸ್ ಬಂಗಲೆ’ ನೋಡಿದ್ದೀರಲ್ಲ, ಅದು ಅವನದ್ದೇ. ಅಲ್ಲಿಗೆ ಹೋದೋರೆಲ್ಲ ಅವನ ಮನೆಯವ್ರು ಕಾಲರಾದಲ್ಲಿ ಹೋದ್ರು ಅನ್ನೋ ಕಥೆ ಕೇಳ್ಕೊಂಡು ಬರ್ತಾರೆ. ಅವನು ಗಾಡಿ ಕಟ್ಟಿಸೋನು ಅನ್ನೋದನ್ನ ಯಾರೂ ಹೇಳಲ್ಲ.

ಅಂದ್ರೆ ನಮ್ಮ ಬನ್ನಿಮಂಟಪದಿಂದ ಬೆಂಗಳೂರು ರಸ್ತೇಲಿ ಬಸ್ಸು ಹತ್ತಿದ್ರೆ ಅರ್ಧ ಗಂಟೇಲಿ ಸಿಗೋ ಊರಲ್ಲಿ, ಇನ್ನೂರು ವರ್ಷದ ಹಿಂದೆ, ಕಲ್ಲುಮುಳ್ಳಿನ ಮೇಲೆ ಓಡೋ ಗಾಡಿಗಳ ಕೀಲು ಕಟ್ಟೋ ಕಸುಬಿತ್ತು.

ಕಮಾನು ಬಂತು

ಎತ್ತಿನ ಗಾಡೀಲಿ ಕಲ್ಲು ಹತ್ತಿದ ಏಟು ನೇರವಾಗಿ ಸೊಂಟಕ್ಕೆ. ಇಂಗ್ಲೆಂಡಿನಲ್ಲಿ ಒಬಾಡಯ ಎಲಿಯಟ್ ಅನ್ನೋ ಗಾಡಿ ಕಟ್ಟೋನು 1804ರಲ್ಲಿ ಉಕ್ಕಿನ ಪಟ್ಟಿಗಳನ್ನ ಒಂದರ ಮೇಲೊಂದು ಜೋಡಿಸಿದ ಕಮಾನಿನ ಮೇಲೆ ಗಾಡಿ ಕೂರಿಸೋಕೆ ಪೇಟೆಂಟ್ ತಗೊಂಡ. ಮೈಸೂರಿನ ಸಾರೋಟುಗಳ ಅಡೀಲಿ ಇರೋದೂ ಇದೇ ಕಮಾನು. ಈಗ ಅರಮನೆ ಸುತ್ತ ಮಕ್ಕಳನ್ನ ಕೂರಿಸ್ಕೊಂಡು ಹೋಗೋ ಸಾರೋಟು ನಿಂತಾಗ ಬಗ್ಗಿ ನೋಡಿ, ಕಾಣತ್ತೆ.

ಕಮಾನು ಬಂದ್ಮೇಲೆ ಹೊಸ ಕೀಲು ಬೇಕಾಯ್ತು. ಯಾಕೆ ಗೊತ್ತಾ? ಬಾಗಿದ ಬಿದಿರು ಕಡ್ಡೀನ ನೆಲದ ಮೇಲಿಟ್ಟು ನಡುವೆ ಅದುಮಿ ನೋಡಿ, ಎರಡೂ ತುದಿ ಆಚೆ ಸರಿಯತ್ತೆ. ಕಮಾನಿನ ಎರಡೂ ತುದೀನ ಬಿಗಿಯಾಗಿ ಕಟ್ಟಿಹಾಕಿದ್ರೆ ಅದು ಬಾಗೋಕೇ ಆಗಲ್ಲ. ಅದಕ್ಕೆ ಒಂದು ತುದಿಗೆ ಉಯ್ಯಾಲೆ ಥರ ತೂಗೋ ಸಣ್ಣ ಕೊಂಡಿ ಹಾಕ್ತಾರೆ. ಮೆಕ್ಯಾನಿಕ್ಕುಗಳು ‘ಶ್ಯಾಕಲ್’ ಅನ್ನೋದು ಇದಕ್ಕೇ. ಅದರೊಳಗೆ ಸುತ್ತೋ ಕೊಳವೆ ‘ಬುಶ್’. ಗಾಡಿಗೆ ಸುಖ ಹೆಚ್ಚಾದಷ್ಟೂ ಕೀಲೂ ಹೆಚ್ಚಾಯ್ತು.

ಜೀಪು ಹಳ್ಳಿಗೆ ಬಂದಾಗ

ಜೀಪು ಹುಟ್ಟಿದ್ದು ಯುದ್ಧಕ್ಕೆ. 1941ರಿಂದ ಅಮೆರಿಕದ ವಿಲ್ಲೀಸ್ ಮತ್ತೆ ಫೋರ್ಡ್ ಕಂಪನಿಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ವು. ನಮ್ಮಲ್ಲಿ 1945ರಲ್ಲಿ ಮಹೀಂದ್ರ ಸೋದರರು ಗುಲಾಂ ಮೊಹಮ್ಮದ್ ಅವರ ಜೊತೆ ‘ಮಹೀಂದ್ರ ಅಂಡ್ ಮೊಹಮ್ಮದ್’ ಅಂತ ಉಕ್ಕಿನ ವ್ಯಾಪಾರ ಶುರುಮಾಡಿದ್ರು. 1947ರಲ್ಲಿ ಬೊಂಬಾಯಿಯಲ್ಲಿ ವಿಲ್ಲೀಸ್ ಜೀಪು ಜೋಡಿಸೋಕೆ ಹತ್ತಿದ್ರು. ದೇಶ ಎರಡಾಗಿ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿ ಆದ್ರು, ಇಲ್ಲಿ ಕಂಪನಿ 1948ರಲ್ಲಿ ‘ಮಹೀಂದ್ರ ಅಂಡ್ ಮಹೀಂದ್ರ’ ಆಯ್ತು.

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ಹಳ್ಳಿಗೆ ಬಿಡಿಓ ಜೀಪು ಬಂತು. ಆಮೇಲೆ ಕೆಂಪು ತ್ರಿಕೋನ ಬರೆದ ಕುಟುಂಬ ಯೋಜನೆ ಜೀಪು, ಲಸಿಕೆ ಹಾಕೋರ ಜೀಪು, ಎಲೆಕ್ಷನ್ ಜೀಪು. ಬಸ್ಸು ಹೋಗದ ಊರಿಂದ ಹೆರಿಗೆ ನೋವು ಬಂದೋಳನ್ನ ಆಸ್ಪತ್ರೆಗೆ ಸಾಗಿಸಿದ ಜೀಪುಗಳ ಕಥೆ ನಮ್ಮ ಎಷ್ಟು ಮನೇಲಿಲ್ಲ! ಆ ಜೀಪುಗಳ ನಾಲ್ಕು ಗಾಲಿಗೂ ಕಮಾನೇ. ಕಮಾನಿನ ಕೊಂಡಿಗೆಲ್ಲ ಗ್ರೀಸ್ ಹೊಡೆಯೋಕೆ ಸಣ್ಣ ನಿಪ್ಪಲ್ ಇರೋದು. ಡ್ರೈವರಣ್ಣ ಭಾನುವಾರ ಗ್ರೀಸ್ ಗನ್ ಹಿಡ್ಕೊಂಡು ಅಡೀಗೆ ನುಗ್ಗೋನು. ಹಳೇ ಗ್ರೀಸು ಕೆಸರು ಸಮೇತ ಆಚೆ ಬಂದು, ಹೊಸಾದು ಇಣುಕೋವರೆಗೂ ಒತ್ತೋದು. ಬುಶ್ ಸವೆದ್ರೆ ಲೇತ್‌ನವರ ಹತ್ರ ಹಿತ್ತಾಳೇದು ತಿರುಗಿಸಿ ಹಾಕಿಸೋರು.

ಬಸ್ಸಿನ ಕಥೇನೂ ಹೆಚ್ಚುಕಮ್ಮಿ ಇಷ್ಟೇ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳಿಂದ ಶುರುವಾಯ್ತು, 1961ರಲ್ಲಿ ನಿಗಮ ಆಯ್ತು, 1973ರಲ್ಲಿ ಕೆಎಸ್ಆರ್‌ಟಿಸಿ ಅನ್ನೋ ಹೆಸರು ಬಂತು. ನಮ್ಮ ಬನ್ನಿಮಂಟಪದ ಡಿಪೋ ಗೋಡೆ ಪಕ್ಕ ನಡೆಯುವಾಗ ಬರೋ ಗ್ರೀಸಿನ ವಾಸನೆ, ಸುತ್ತಿಗೆ ಸದ್ದು ನಮಗೆಲ್ಲ ರೂಢಿ.

ಯಾದವಗಿರಿಯ ಕೈಗಳು

ಮೈಸೂರಿನ ಮಾತು ಬಂದ್ಮೇಲೆ ಐಡಿಯಲ್ ಜಾವಾ ಬಿಟ್ಟು ಹೇಗೆ ಹೋಗೋದು? 1961ರಿಂದ 1996ರವರೆಗೆ ಯಾದವಗಿರಿ ಕಾರ್ಖಾನೇಲಿ ಜಾವಾ, ಆಮೇಲೆ ಯೆಜ್ಡಿ ಮೋಟಾರ್‌ಸೈಕಲ್ ತಯಾರಾಗ್ತಿತ್ತು. ಅದರ ಹಿಂದಿನ ಚಕ್ರ ಹಿಡಿದಿರೋ ಕವಲಿಗೆ ‘ಸ್ವಿಂಗ್ ಆರ್ಮ್’ ಅಂತಾರೆ. ಒಂದು ತುದಿ ಬುಶ್‌ನಲ್ಲಿ ಸುತ್ತತ್ತೆ, ಇನ್ನೊಂದು ತುದೀಲಿ ಚಕ್ರ ಮೇಲೆ ಕೆಳಗೆ ಆಡತ್ತೆ. ದೊಡ್ಡ ಜೀಪಿನ ‘ಕಂಟ್ರೋಲ್ ಆರ್ಮ್’ ಇದರ ದೊಡ್ಡಣ್ಣ ಅಂದ್ಕೊಳ್ಳಿ. ಬುಶ್ ಸವೆದ್ರೆ ತಿರುವಿನಲ್ಲಿ ಗಾಡಿಯ ಹಿಂಭಾಗ ಬಾಲ ಅಲ್ಲಾಡಿಸ್ದಂಗೆ ಆಗತ್ತೆ.

ಕಾರ್ಖಾನೆ ಮುಚ್ಚಿದಾಗ ಎಷ್ಟೋ ಮನೆಗಳ ಒಲೆ ಮೇಲೆ ಅದರ ಬಿಸಿ ತಟ್ಟಿತು. ಆದ್ರೆ ಕೈಯಲ್ಲಿದ್ದ ಕೆಲಸ ಮುಚ್ಚಲಿಲ್ಲ. ಹೊಸ ಬಿಡಿಭಾಗ ಬರೋದು ನಿಂತ್ಮೇಲೆ ಹಳೇ ಗಾಡಿ ಉಳಿಸ್ಕೊಳ್ಳೋಕೆ ಇದ್ದ ದಾರಿ ಒಂದೇ, ಸವೆದದ್ದನ್ನ ಅಳೆದು ಮತ್ತೆ ಕಟ್ಟೋದು. ಮೈಸೂರಿನ ಲೇತ್ ಅಂಗಡಿಗಳಲ್ಲಿ, ಸಣ್ಣ ಗ್ಯಾರೇಜುಗಳಲ್ಲಿ ಆ ಕೆಲಸ ಉಳೀತು. ಜಾವಾ ಗಾಡಿಗಳು ಇವತ್ತೂ ನಮ್ಮ ಬೀದೀಲಿ ಓಡ್ತಿರೋದು ಆ ಕೈಗಳಿಂದ.

ತೋಳು, ಬಟ್ಟಲು, ಗುಂಡು

ಹಳೇ ಜೀಪಲ್ಲಿ ಮುಂದಿನ ಎರಡು ಗಾಲಿಗೂ ಒಂದೇ ಉದ್ದನೆ ಆಕ್ಸೆಲ್. ಎಡಗಾಲಿ ಕಲ್ಲು ಹತ್ತಿದ್ರೆ ಬಲಗಾಲಿಗೂ ವಾಲಾಟ. ಇದನ್ನ ತಪ್ಪಿಸೋಕೆ ಒಂದೊಂದು ಗಾಲೀಗೂ ಬೇರೆ ಬೇರೆ ತೋಳು ಕೊಟ್ರು. ಮೇಲೊಂದು, ಕೆಳಗೊಂದು, ಇಂಗ್ಲಿಷಿನ ‘ಎ’ ಅಕ್ಷರದ ಆಕಾರದ್ದು. 1933ರಲ್ಲಿ ಮರ್ಸಿಡಿಸ್ ಕಾರಿಗೆ ಸುರುಳಿ ಸ್ಪ್ರಿಂಗ್ ಜೊತೆ ಇಂಥ ಜೋಡಿ ತೋಳು ಬಂತು. ತೋಳಿನ ಅಗಲವಾದ ಬುಡ ಗಾಡಿಯ ಚೌಕಟ್ಟಿಗೆ ಎರಡು ಬುಶ್ ಮೂಲಕ ಸೇರತ್ತೆ, ಚೂಪು ತುದಿ ಗಾಲಿ ಕಡೆ ಒಂದು ಗುಂಡುಕೀಲಿಗೆ ಸೇರತ್ತೆ. ಅದೇ ಬಾಲ್ ಜಾಯಿಂಟು. 1952ರ ಲಿಂಕನ್ ಕಾರಿನ ಮುಂಗಾಲಿಗಳಿಗೆ ಬಂದ ಮೇಲೆ ಅಮೆರಿಕದ ಕಾರುಗಳಲ್ಲಿ ಅದು ಹರಡಿತು. ನಮ್ಮ ತೊಡೆ ಮೂಳೆಯ ಗುಂಡು ಸೊಂಟದ ಬಟ್ಟಲಲ್ಲಿ ಕೂತಿರತ್ತಲ್ಲ, ಥೇಟ್ ಹಾಗೇ. ಗಾಲಿ ಮೇಲೆ ಕೆಳಗೂ ಆಡಬೇಕು, ಎಡಬಲಕ್ಕೂ ತಿರುಗಬೇಕು. ಎರಡಕ್ಕೂ ಒಂದೇ ಕೀಲು.

ಬುಶ್ ಕೂಡ ಬದಲಾಯ್ತು. ಎರಡು ಉಕ್ಕಿನ ಕೊಳವೆ ನಡುವೆ ರಬ್ಬರ್ ಅಂಟಿಸಿದ ಬುಶ್ ಬಂತು. ಇದರಲ್ಲಿ ಉಜ್ಜಾಟವೇ ಇಲ್ಲ, ರಬ್ಬರೇ ಹಿಂಡ್ಕೊಂಡು ತಿರುಚ್ಕೊಳ್ಳತ್ತೆ. ಗ್ರೀಸೂ ಬೇಡ, ಹಾಕಿದ್ರೆ ಎಣ್ಣೆ ತಾಗಿ ರಬ್ಬರ್ ಉಬ್ಬಿ ಹಾಳಾಗತ್ತೆ. ಅಜ್ಜಿ ಕಾಲದಲ್ಲಿ ಕೀಲಿಗೆ ಅಮೃತವಾಗಿದ್ದ ಎಣ್ಣೆ ಇಲ್ಲಿ ವಿಷ.

ನಮ್ಮ ದೇಶದ ಗುಡ್ಡಗಾಡಿನ ಗಾಡಿಗಳಿಗೆ ಇದೆಲ್ಲ ನಿಧಾನವಾಗಿ ಬಂತು. 1985ರ ಮಾರುತಿ ಜಿಪ್ಸಿಗೆ ನಾಲ್ಕೂ ಕಡೆ ಕಮಾನೇ. 2010ರ ಮಹೀಂದ್ರ ಥಾರ್‌ಗೆ ಮುಂದೆ ಜೋಡಿ ತೋಳು, ಹಿಂದೆ ಕಮಾನು. 2020ರ ಥಾರ್‌ಗೆ ಹಿಂದೆಯೂ ಸುರುಳಿ ಸ್ಪ್ರಿಂಗು, ಆಕ್ಸೆಲ್ ಹಿಡಿಯೋಕೆ ಉದ್ದನೆ ತೋಳುಗಳು. ಒಂದೊಂದು ತೋಳಿನ ಎರಡು ತುದೀಲೂ ಕೀಲು. ಎತ್ತಿನ ಗಾಡಿಗೆ ಗಾಲಿಗೊಂದು ಕೀಲಿದ್ರೆ ಈಗ ಎಣಿಸೋಕೆ ಎರಡೂ ಕೈ ಬೆರಳು ಸಾಲಲ್ಲ.

ಅತ್ತಿಗೆ ಮನೆ ಗಾಡಿ

ನಮ್ಮ ಅತ್ತಿಗೆಯವ್ರದ್ದು ಕೊಡಗಿನಲ್ಲಿ ತೋಟದ ಮನೆ. ಹಳೇ ಮಾದರಿ ಥಾರ್ ಒಂದನ್ನ ಸೆಕೆಂಡ್ ಹ್ಯಾಂಡ್ ತಗೊಂಡಿದ್ರು. ತೋಟದ ಕಲ್ಲು ದಾರಿ, ಮಳೆಗಾಲದ ಕೆಸರು, ದಿನಾ ಇಬ್ಬರು ಮಕ್ಕಳನ್ನ ಇಳಿಜಾರಿನ ತಿರುವುಗಳಲ್ಲಿ ಸ್ಕೂಲಿಗೆ ಬಿಡೋದು. ಬ್ರೇಕ್ ಹಾಕಿದಾಗೆಲ್ಲ ಮುಂದೆ ಎಡಗಡೆ ‘ಕಟಕ್’ ಅಂತ ಸದ್ದು. ಆ ಕಡೆ ಟೈರಿನ ಒಳ ಅಂಚು ಮಾತ್ರ ಸವೀತಿತ್ತು. ಒಂದು ಅಂಗಡಿಯವ್ರು ಮೂರು ಸಲ ಅಲೈನ್‌ಮೆಂಟ್ ಮಾಡಿ ಮೂರು ಸಲ ದುಡ್ಡು ತಗೊಂಡ್ರು, ಸದ್ದು ಹೋಗ್ಲಿಲ್ಲ. ಗಾಡಿ ಮೈಸೂರಿಗೆ ಬಂದಾಗ ಅತ್ತಿಗೆ ಹಠ ಹಿಡಿದು ನಮ್ಮ ಕಡೆ ಹಳೇ ಮೇಸ್ತ್ರಿ ಒಬ್ರಿಗೆ ತೋರಿಸಿದ್ರು. ಹೆಸರು ಹಾಕ್ಬೇಡಿ ತಾಯಿ ಅಂದಿದ್ದಾರೆ, ಹಾಕಲ್ಲ. ಅವರು ಮಾಡಿದ್ದನ್ನ ಹಂತ ಹಂತವಾಗಿ ಹೇಳ್ತೀನಿ.

ಮೊದಲು ಜಾಕ್ ಕೊಟ್ಟು ಅಡೀಲಿ ಗಟ್ಟಿ ಸ್ಟ್ಯಾಂಡ್ ಇಟ್ರು. ಬರೀ ಜಾಕ್ ನಂಬಿ ಗಾಡಿ ಅಡೀಗೆ ಹೋಗ್ಬಾರ್ದು. ಸ್ಪ್ರಿಂಗಿನ ಭಾರ ಯಾವ ತೋಳು ಹೊರತ್ತೋ ಆ ತೋಳಿನ ಅಡೀಗೇ, ಗಾಲಿ ಹತ್ರ ಜಾಕ್ ಕೊಡ್ಬೇಕು. ಇಲ್ದಿದ್ರೆ ಸ್ಪ್ರಿಂಗಿನ ಒತ್ತಡಕ್ಕೆ ಸವೆದ ಗುಂಡೂ ಗಟ್ಟಿಯಾಗೇ ಇರೋ ಥರ ಕಾಣತ್ತೆ. ಆಮೇಲೆ ಗಾಲೀನ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದ್ರು. ಟಕ್ ಟಕ್ ಅಂತು. “ಅಮ್ಮಾ, ಬ್ರೇಕ್ ಒತ್ತಿ ಹಿಡೀರಿ” ಅಂತ ಅತ್ತಿಗೇನ ಒಳಗೆ ಕೂರಿಸಿ ಮತ್ತೆ ಅಲ್ಲಾಡಿಸಿದ್ರು. ಬ್ರೇಕ್ ಹಿಡಿದಾಗ ಆಟ ನಿಂತ್ರೆ ಗಾಲಿ ಬೇರಿಂಗಿನ ದೋಷ. ನಿಲ್ಲದಿದ್ರೆ ಬಾಲ್ ಜಾಯಿಂಟು. ನಿಲ್ಲಲಿಲ್ಲ. ಎಡಕ್ಕೊಂದು ಬಲಕ್ಕೊಂದು ಕೈ ಹಿಡಿದೂ ನೋಡಿದ್ರು. ಅಲ್ಲಿ ಆಟ ಇದ್ರೆ ಸ್ಟೇರಿಂಗ್ ಕಡ್ಡಿಯ ಕೀಲು ನೋಡ್ಬೇಕು.

ಆಮೇಲೆ ಟಾರ್ಚ್ ಬಿಟ್ಟು ತೋರಿಸಿದ್ರು. ಬಾಲ್ ಜಾಯಿಂಟಿನ ರಬ್ಬರ್ ಟೋಪಿ ಹರಿದಿತ್ತು. ಆ ಹರುಕಿನಿಂದ ಕೆಸರು ನೀರು ಒಳಗೆ ಹೋಗಿ ಗ್ರೀಸ್ ಜೊತೆ ಸೇರಿ ಅರೆಯೋ ಹಿಟ್ಟಿನ ಹಾಗೆ ಆಗಿತ್ತು. ಗುಂಡನ್ನ ತಿಂದಿದ್ದು ಅದೇ. ಸಲಾಕೆ ಹಾಕಿ ತೋಳಿನ ಬುಡ ಮೀಟಿದ್ರೆ ಬುಶ್ಶಿನ ರಬ್ಬರ್ ಬಿರುಕು ಬಿಟ್ಟು ಕೊಳವೆಯಿಂದ ಬಿಟ್ಕೊಂಡಿತ್ತು. ತೋಳು ತನ್ನ ಜಾಗದಲ್ಲಿ ನಿಲ್ತಿರ್ಲಿಲ್ಲ. ಹೀಗಿದ್ಮೇಲೆ ಎಷ್ಟು ಸಲ ಅಲೈನ್‌ಮೆಂಟ್ ಮಾಡಿದ್ರೇನು? ಕಾಲು ಮುರಿದ ಮಂಚದ ಮೇಲೆ ಹಾಸಿಗೆ ಸರಿಮಾಡಿದ ಹಾಗೆ.

“ಸದ್ಯಕ್ಕೆ ಗ್ರೀಸ್ ತುಂಬಿ ಕಳಿಸಿ, ಕೊಯ್ಲು ಮುಗಿದ ಮೇಲೆ ನೋಡೋಣ” ಅಂದ್ರು ಅಣ್ಣ. ಮೇಸ್ತ್ರಿ ಕೀಲಿಕೈ ಕೊಡ್ಲೇ ಇಲ್ಲ. “ಸಾರ್, ಈ ಗುಂಡು ಬಟ್ಟಲು ಬಿಟ್ಟು ಆಚೆ ಬಂತು ಅಂದ್ರೆ ಗಾಲಿ ಅಡೀಗೆ ಮಡಚ್ಕೊಳ್ಳತ್ತೆ. ಆಗ ಸ್ಟೇರಿಂಗೂ ನಿಮ್ಮ ಮಾತು ಕೇಳಲ್ಲ. ನಿಮ್ಮ ಊರ ತಿರುವಲ್ಲಿ ಆದ್ರೆ?” ಅಂದ್ರು. ಅಣ್ಣ ಸುಮ್ನಾದ್ರು. ಅತ್ತಿಗೆ ಮಕ್ಕಳ ಮುಖ ನೋಡಿದ್ರು. ಮಾತು ಅಲ್ಲಿಗೆ ಮುಗೀತು.

ಮತ್ತೆ ಕಟ್ಟೋದು

ತೋಳು ಬಿಚ್ಚಿ ತೊಳೆದು, ಎಲ್ಲಾದ್ರೂ ಬಾಗಿದ್ಯಾ ಸೀಳಿದ್ಯಾ ಅಂತ ನೋಡಿದ್ರು. ಸೀಳಿದ್ರೆ ಬೆಸುಗೆ ಹಾಕಿ ನಡೆಸೋ ಹಾಗಿಲ್ಲ, ಹೊಸ ತೋಳೇ. ಇದು ಗಟ್ಟಿ ಇತ್ತು. ಹಳೇ ಬುಶ್ಶುಗಳನ್ನ ಪ್ರೆಸ್ಸಲ್ಲಿ ತಳ್ಳಿ ತೆಗೆದು ಹೊಸದನ್ನ ಕೂರಿಸಿದ್ರು; ಸುತ್ತಿಗೆ ಮುಟ್ಟಿಸಲಿಲ್ಲ. ಬಾಲ್ ಜಾಯಿಂಟು ಬಾಯಿ ಮುಚ್ಚಿದ ಮಾದರಿ, ಬಿಚ್ಚೋಕಾಗಲ್ಲ, ಹಾಗಾಗಿ ಪೂರ್ತಿ ಹೊಸದು. ಒಂದು ಕಡೇದು ಹೋಗಿದ್ರೂ ಇನ್ನೊಂದು ಕಡೇದೂ ಅಷ್ಟೇ ದಾರಿ ನಡೆದಿರತ್ತೆ ಅಂತ ಬಲಗಡೇನೂ ಪರೀಕ್ಷೆ ಮಾಡಿದ್ರು.

ಬಿಚ್ಚಿ ಕಟ್ಟೋ ಮಾದರೀನೂ ಇದೆ. ಅಮೆರಿಕದಲ್ಲಿ ಕಲ್ಲುಬಂಡೆ ಹತ್ತಿಸೋ ಜೀಪಿನವರಿಗೆ ಅಂತ ಕ್ಯೂರಿ ಅನ್ನೋ ಮನೆತನದವ್ರು ಮಾಡಿದ ‘ಜಾನಿ ಜಾಯಿಂಟ್’ ಅಂಥದ್ದು. ನಡುವೆ ಉಕ್ಕಿನ ಗುಂಡು, ಎರಡು ಪಕ್ಕ ಬಟ್ಟಲಿನಂಥ ಬುಶ್, ಮೇಲೊಂದು ಬಿಲ್ಲೆ, ಅದನ್ನ ಒತ್ತಿ ಹಿಡಿಯೋ ಉಕ್ಕಿನ ಉಂಗುರ. ಸವೆದಾಗ ಉಂಗುರ ತೆಗೆದು, ಗುಂಡು ನುಣುಪಾಗೇ ಇದ್ಯಾ ಗುಳಿ ಬಿದ್ದಿದ್ಯಾ ನೋಡಿ, ಬಟ್ಟಲು ಬದಲಾಯಿಸಿ, ಗ್ರೀಸ್ ಹಚ್ಚಿ ಮತ್ತೆ ಮುಚ್ಚೋದು. ಹೊರಗಿನ ಮನೆ ಅದೇ, ಒಳಗಿನದ್ದಷ್ಟೇ ಹೊಸದು. ಗುಂಬ ಉಳಿಸ್ಕೊಂಡು ಒಳಗಿನ ಕಬ್ಬಿಣದ ಬಳೆ ಬದಲಾಯಿಸ್ತಿದ್ದ ನಮ್ಮ ಆಚಾರಿಗೆ ಇದನ್ನ ಕೊಟ್ಟಿದ್ರೆ ಕೂಡ್ಲೇ ಗುರುತು ಹಿಡೀತಿದ್ರು.

ಕೊನೇಲಿ ಎರಡು ಸೂಕ್ಷ್ಮ. ರಬ್ಬರ್ ಬುಶ್ಶಿನ ಬೋಲ್ಟನ್ನ ಗಾಡಿ ನೇತಾಡೋವಾಗ ಪೂರ್ತಿ ಬಿಗೀಬಾರ್ದು. ನೆಲಕ್ಕಿಳಿಸಿ, ಗಾಲಿ ಮೇಲೆ ಭಾರ ಬಿದ್ಮೇಲೆ ಬಿಗೀಬೇಕು. ಇಲ್ದಿದ್ರೆ ರಬ್ಬರ್ ಯಾವಾಗ್ಲೂ ತಿರುಚ್ಕೊಂಡೇ ಇದ್ದು ಬೇಗ ಹರಿಯತ್ತೆ. ಎರಡನೇದು, ಬಾಲ್ ಜಾಯಿಂಟಿನ ನಟ್ಟಿಗೆ ಹಾಕೋ ಸಣ್ಣ ತಂತಿ ಪಿನ್ನು. ಒಂದು ಸಲ ಬಗ್ಗಿಸಿ ತೆಗೆದ ಪಿನ್ನನ್ನ ಮತ್ತೆ ಹಾಕಲ್ಲ, ಹೊಸದೇ ಬೇಕು. ಮೇಸ್ತ್ರಿ ಆ ಪಿನ್ನು ಎತ್ತಿ ತೋರಿಸಿದಾಗ ನಂಗೆ ಅಜ್ಜಿ ಮನೆ ಗಾಡಿಯ ಕಡಾಣಿ ಕಂಡ ಹಾಗಾಯ್ತು. ಕೆಲಸ ಅದೇ, ಗಾತ್ರ ಮಾತ್ರ ಸಣ್ಣದು. ಇಷ್ಟೆಲ್ಲ ಆದ್ಮೇಲೆ ಮಾಡಿಸಿದ ಅಲೈನ್‌ಮೆಂಟ್ ನಿಂತಿತು, ‘ಕಟಕ್’ ಸದ್ದು ಹೋಯ್ತು.

ಬನ್ನಿ ಮರದಿಂದ ಇಳಿಸಿದ ಆಯುಧ

ನಮ್ಮ ಬಡಾವಣೆಗೆ ಹೆಸರು ಕೊಟ್ಟ ಬನ್ನಿ ಮರದ ಕಥೆ ನಿಮಗೆ ಗೊತ್ತೇ ಇದೆ. ಪಾಂಡವರು ಅಜ್ಞಾತವಾಸಕ್ಕೆ ಹೋಗುವಾಗ ಆಯುಧಗಳನ್ನ ಬನ್ನಿ ಮರದಲ್ಲಿ ಬಚ್ಚಿಟ್ಟು ವರ್ಷದ ಮೇಲೆ ಇಳಿಸಿಕೊಂಡರು. ವರ್ಷಗಟ್ಟಲೆ ಗಾಳಿಮಳೆಗೆ ಇದ್ದ ಆಯುಧ ಕೈಗೆ ಬಂದಾಗ ಯಾವ ವೀರನಾದ್ರೂ ಮೊದಲು ಏನು ಮಾಡ್ತಾನೆ? ತಿರುಗಿಸಿ ನೋಡ್ತಾನೆ, ತುಕ್ಕು ಒರೆಸ್ತಾನೆ, ಹೆದೆ ಎಳೆದು ಪರೀಕ್ಷೆ ಮಾಡ್ತಾನೆ. ಆಯುಧಪೂಜೆಯ ಒಳಗೆ ಈ ಪರೀಕ್ಷೇನೂ ಇದೆ ಅಂತ ನನ್ನ ಎಣಿಕೆ.

ನಾವು ಮಾತ್ರ ಗಾಡಿಯ ಮೂತಿಗೆ ಹಾರ ಹಾಕಿ, ಗಾಜಿಗೆ ವಿಭೂತಿ ಬಳಿದು, ಗಾಲಿ ಅಡಿ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆದು ಮುಗಿಸ್ತೀವಿ. ಭಾರ ಹೊರೋ ಕೀಲುಗಳಿಗೆ ಕುಂಕುಮ ಹೋಗಲಿ, ಒಂದು ನೋಟವೂ ಸಿಗಲ್ಲ. ಈ ದಸರಾಕ್ಕೆ ಗಾಡಿ ತೊಳೆಯೋ ಹೊತ್ತಲ್ಲೇ ಟಾರ್ಚ್ ಹಿಡಿದು ನಾಲ್ಕು ಗಾಲಿ ಹಿಂದೆ ಬಗ್ಗಿ ನೋಡಿ. ರಬ್ಬರ್ ಟೋಪಿ ಹರಿದಿದ್ಯಾ, ಬುಶ್ ಬಿರಿದಿದ್ಯಾ, ಟೈರು ಒಂದೇ ಅಂಚಲ್ಲಿ ಸವೆದಿದ್ಯಾ ಅಂತ. ಬ್ರೇಕ್ ಹಾಕಿದಾಗ, ಹಳ್ಳ ಇಳಿದಾಗ ಬರೋ ಸದ್ದನ್ನ ರೇಡಿಯೋ ಜೋರು ಮಾಡಿ ಮುಚ್ಚಬೇಡಿ. ಮನೆಯವ್ರಿಗೆ ಹೇಳಿ, ಕೇಳ್ದಿದ್ರೆ ಇನ್ನೊಂದ್ಸಲ ಹೇಳಿ. ಕುಕ್ಕರಿನ ಗ್ಯಾಸ್ಕೆಟ್ ಹೋಗಿದೆ ಅಂತ ಸದ್ದಲ್ಲೇ ಕಂಡುಹಿಡಿಯೋ ಕಿವಿ ನಮ್ಮದು, ಇದೇನು ಮಹಾ.

ನಿಮ್ಮ ತವರಿನ ಅಟ್ಟದ ಮೇಲೆ ಕೀಲೆಣ್ಣೆ ಗೊಟ್ಟ, ಕಡಾಣಿ ಇನ್ನೂ ಇದ್ರೆ ತೆಗೆದಿಡಿ. ಹರಳೆಣ್ಣೆ ಕಾಯಿಸಿದ ದೊಡ್ಡಮ್ಮಂದಿರು ಇದ್ರೆ ಕರಕು ಎಷ್ಟು, ಎಣ್ಣೆ ಎಷ್ಟು ಅಂತ ಕೇಳಿ ಬರೆದಿಟ್ಟು ನನಗೂ ತಿಳಿಸಿ. ಆ ಅಳತೆ ಅವರ ಕೈಯಲ್ಲಿ ಮಾತ್ರ ಉಳಿದಿದೆ.